ಅಡಗಿದ ಗಡ್ಡೆಯ ಸುಳಿವು ನರಗಳಲ್ಲಿ

ಹು, ಯೋ, ರಿ. ಮಗುವಿನ ತೊದಲು ಮಾತಿನಂತೆ ಕೇಳುವ ಈ ಮೂರು ಪದಗಳು ನರರೋಗ ತಜ್ಞರಿಗೆ ಬಹಳ ಪರಿಚಿತ. ಇವು ಯಾವ ಭಾಷೆಯ ಶಬ್ದಗಳೂ ಅಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ನರವೈದ್ಯ ಜೆರೋಮ್ ಪೋಸ್ನರ್ ಮತ್ತು ಅವರ ಸಂಗಡಿಗರು ಕೆಲವು ರೋಗಿಗಳ ರಕ್ತದಲ್ಲಿ ವಿಚಿತ್ರವಾದ ಪ್ರತಿಕಾಯಗಳನ್ನು ಕಂಡರು. ಅವುಗಳಿಗೆ ಆ ರೋಗಿಗಳ ಮನೆತನದ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟರು. ಪೂರ್ತಿ ಹೆಸರು ಲೋಕಕ್ಕೆ ತಿಳಿಯಲಿಲ್ಲ. ಎರಡಕ್ಷರ ಮಾತ್ರ ವೈದ್ಯಶಾಸ್ತ್ರದಲ್ಲಿ ಉಳಿಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನವರಿಗೆ ಈ ಪದ್ಧತಿ ಹಿಡಿಸಲಿಲ್ಲ. ಅವರು ಅದೇ ಪ್ರತಿಕಾಯಗಳಿಗೆ ತಮ್ಮದೇ ಹೆಸರು, ಸಂಖ್ಯೆ ಕೊಟ್ಟರು. ಹೀಗಾಗಿ ಒಂದೇ ವಸ್ತುವಿಗೆ ಎರಡು ಹೆಸರು. ವರದಿ ಓದುವವರಿಗೆ ತಲೆನೋವು. ಅದಿರಲಿ.

ಈ ಪ್ರತಿಕಾಯಗಳಿರುವ ರೋಗಿಗಳ ವಿಶೇಷವೆಂದರೆ, ಅವರಲ್ಲಿ ಹೆಚ್ಚಿನವರು ವೈದ್ಯರ ಬಳಿ ಬರುವಾಗ ತಮಗೆ ಕ್ಯಾನ್ಸರ್ ಇದೆಯೆಂದು ತಿಳಿದೇ ಇರುವುದಿಲ್ಲ. ಅವರ ದೂರು ಬೇರೆಯೇ. ನಡೆಯುವಾಗ ಕಾಲು ತಡವರಿಸುತ್ತದೆ, ಅಂಗೈ ಅಂಗಾಲು ಉರಿಯುತ್ತದೆ, ಮಾತು ತೊದಲುತ್ತದೆ, ನೆನ್ನೆಯದು ನೆನಪಿಲ್ಲ, ಕಣ್ಣುಗುಡ್ಡೆ ತಾನಾಗಿ ಕುಣಿಯುತ್ತದೆ. ಮಿದುಳಿನ ಚಿತ್ರ ತೆಗೆದರೆ ಅಲ್ಲಿ ಗಡ್ಡೆ ಇಲ್ಲ. ಗಡ್ಡೆ ಇರುವುದು ಶ್ವಾಸಕೋಶದಲ್ಲೋ ಅಂಡಾಶಯದಲ್ಲೋ ಸ್ತನದಲ್ಲೋ, ಅದೂ ಎಷ್ಟೋ ಸಲ ನೆಲ್ಲಿಕಾಯಿಗಿಂತ ಚಿಕ್ಕದಾಗಿ, ಯಾವ ನೋವನ್ನೂ ಕೊಡದೆ. ಅದು ಮಿದುಳಿಗೆ ಹರಡಿಲ್ಲ. ಆದರೂ ಮಿದುಳು ಕೆಡುತ್ತಿದೆ. ಇದು ಹೇಗೆ ಸಾಧ್ಯ?

ಉತ್ತರ ಇರುವುದು ದೇಹದ ಕಾವಲು ಪಡೆಯಲ್ಲಿ. ಸಿತಾಳೆ ಸಿಡುಬು ಒಮ್ಮೆ ಬಂದು ಹೋದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂಬುದು ಹಳ್ಳಿಯ ಅಜ್ಜಿಯರಿಗೂ ಗೊತ್ತು. ರಕ್ತದಲ್ಲಿರುವ ಬಿ ಕೋಶಗಳು ಆ ವೈರಸ್ಸಿನ ಗುರುತು ಹಿಡಿದು, ಅದಕ್ಕೆ ಸರಿಯಾಗಿ ಅಂಟಿಕೊಳ್ಳುವ ಪ್ರೋಟೀನನ್ನು ತಯಾರಿಸಿಟ್ಟುಕೊಂಡಿರುತ್ತವೆ. ಇದೇ ಪ್ರತಿಕಾಯ. ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದಿರುವ ಇದರ ಎರಡು ತುದಿಗಳು ಒಂದೇ ಒಂದು ಆಕಾರಕ್ಕೆ ಹೊಂದಿಕೊಳ್ಳುತ್ತವೆ, ಬೀಗಕ್ಕೆ ಬೀಗದಕೈ ಹೊಂದುವಂತೆ. ಜೊತೆಗೆ ಟಿ ಕೋಶಗಳೆಂಬ ಇನ್ನೊಂದು ದಳವಿದೆ. ಅವುಗಳಲ್ಲಿ ಕೆಲವು ಪರಕೀಯ ವಸ್ತು ಹೊಕ್ಕ ಕೋಶವನ್ನು ನೇರವಾಗಿ ಕೊಲ್ಲಬಲ್ಲವು. ಈ ಎರಡು ದಳಗಳ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮಿದುಳು ಈ ಕಾವಲು ಪಡೆಯಿಂದ ತುಸು ದೂರ ಇರುವ ಅಂಗ. ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ರಕ್ತದಲ್ಲಿರುವುದೆಲ್ಲ ಒಳಗೆ ಸೋರುವುದಿಲ್ಲ. ಹೀಗಾಗಿ ನರಕೋಶಗಳೊಳಗೆ ಮಾತ್ರ ಇರುವ ಕೆಲವು ಪ್ರೋಟೀನುಗಳನ್ನು ಕಾವಲು ಪಡೆ ತನ್ನದೆಂದು ಸರಿಯಾಗಿ ಪರಿಚಯ ಮಾಡಿಕೊಂಡಿರುವುದಿಲ್ಲ. ಕ್ಯಾನ್ಸರ್ ಕೋಶಕ್ಕೋ ಶಿಸ್ತಿಲ್ಲ. ಯಾವ ಅಂಗದಲ್ಲಿ ಯಾವ ಪ್ರೋಟೀನು ತಯಾರಾಗಬೇಕು ಎಂಬ ಕಟ್ಟುಪಾಡು ಅಲ್ಲಿ ಮುರಿದು ಬಿದ್ದಿರುತ್ತದೆ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್, ಸಣ್ಣಕೋಶದ ಕ್ಯಾನ್ಸರ್ ಎಂದು ಅದರ ಹೆಸರು, ನರಕೋಶದಲ್ಲಿ ಇರಬೇಕಾದ ಹು ಪ್ರೋಟೀನುಗಳನ್ನು ತಾನೇ ತಯಾರಿಸುತ್ತದೆ. ಎದೆಯ ದುಗ್ಧಗ್ರಂಥಿಯ ಬಳಿ ಇದನ್ನು ಕಂಡ ಕಾವಲು ಪಡೆ, ‘ಇದು ಯಾರು, ಇಲ್ಲಿ ಏನು ಕೆಲಸ?’ ಎಂದು ಎಚ್ಚರಗೊಳ್ಳುತ್ತದೆ. ಗಡ್ಡೆಯ ಮೇಲೆ ಬೀಳುತ್ತದೆ. ಅಲ್ಲಿಯವರೆಗೆ ಒಳ್ಳೆಯದೇ. ಆದರೆ ಒಮ್ಮೆ ಗುರುತು ಹಿಡಿದ ಮೇಲೆ ಅದೇ ಗುರುತಿನವರು ಎಲ್ಲಿದ್ದರೂ ಶತ್ರುಗಳೇ. ಪಡೆ ಮಿದುಳಿಗೂ ನರಗಂಟುಗಳಿಗೂ ನುಗ್ಗುತ್ತದೆ.

ಈ ಹು ಪ್ರೋಟೀನಿನ ಬಗ್ಗೆ ಒಂದು ಸ್ವಾರಸ್ಯ. 1991ರಲ್ಲಿ ಅದರ ಜೀನನ್ನು ಬಿಡಿಸಿ ನೋಡಿದಾಗ, ಬಾಳೆಹಣ್ಣಿನ ಸುತ್ತ ಹಾರಾಡುವ ಹಣ್ಣುನೊಣದ ಒಂದು ಜೀನನ್ನು ಅದು ಬಹಳವಾಗಿ ಹೋಲುತ್ತಿತ್ತು. ನೊಣದಲ್ಲಿ ಆ ಜೀನು ಕೆಟ್ಟರೆ ನರಮಂಡಲ ಸರಿಯಾಗಿ ಬೆಳೆಯುವುದಿಲ್ಲ. ಮನುಷ್ಯನಿಗೂ ನೊಣಕ್ಕೂ ನರದ ವಿಷಯದಲ್ಲಿ ಇಷ್ಟು ಹಳೆಯ ನಂಟು!

ಈಗ ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಐವತ್ತೈದು ದಾಟಿದ ಹೆಂಗಸು. ಮೂವತ್ತು ವರ್ಷದಿಂದ ಹಾಸಿನ ಹರಿದ ಎಳೆಯನ್ನು ಕಣ್ಣು ಮುಚ್ಚಿಕೊಂಡು ಗಂಟು ಹಾಕಿದ ಕೈ. ಒಂದು ವಾರ ಎಳೆ ಬೆರಳಿಗೆ ಸಿಕ್ಕದೆ ಜಾರತೊಡಗುತ್ತದೆ. ಮುಂದಿನ ವಾರ ಹೊಸಿಲು ದಾಟುವಾಗ ಗೋಡೆ ಹಿಡಿಯಬೇಕು. ಮೂರನೆಯ ವಾರಕ್ಕೆ ನಡಿಗೆ ಕುಡಿದವರ ನಡಿಗೆಯಂತೆ, ಮಾತೂ ಹಾಗೆಯೇ. ‘ಏನಕ್ಕಾ, ಹಿಂಗ್ ಓಲಾಡ್ತೀಯ?’ ಎಂದು ಪಕ್ಕದ ಮನೆಯವಳು ಕೇಳುತ್ತಾಳೆ. ಯಾರೋ ಗಾಳಿ ಸೋಕಿದೆ ಎನ್ನುತ್ತಾರೆ, ಇನ್ಯಾರೋ ನರದ ಬಲಹೀನತೆ ಎಂದು ಟಾನಿಕ್ ಹೇಳುತ್ತಾರೆ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತದ್ದೂ ಆಗುತ್ತದೆ. ಹರಕೆ ಹೊರುವುದರಲ್ಲಿ ತಪ್ಪೇನಿಲ್ಲ. ಹರಕೆ ತೀರುವವರೆಗೆ ಆಸ್ಪತ್ರೆ ಬೇಡ ಎನ್ನುವುದು ತಪ್ಪು. ಏಕೆಂದರೆ ಹೀಗೆ ವಾರಗಳಲ್ಲಿ ಏರುವ ಓಲಾಟ ವಯಸ್ಸಿನದಲ್ಲ. ವಯಸ್ಸಿನ ಕುಂದು ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ರಕ್ತನಾಳ ಕಟ್ಟಿದ ಲಕ್ವ ನಿಮಿಷಗಳಲ್ಲಿ ಬರುತ್ತದೆ. ವಾರಗಳ ಲೆಕ್ಕದಲ್ಲಿ ಬರುವ ನರದ ತೊಂದರೆಯೆಂದರೆ ವೈದ್ಯರು ಕಿವಿ ನಿಮಿರಿಸಬೇಕು.

ಇಂಥ ಹೆಂಗಸಿನ ರಕ್ತದಲ್ಲಿ ಯೋ ಪ್ರತಿಕಾಯ ಸಿಕ್ಕಿತೆಂದರೆ ಅಂಡಾಶಯ ಮತ್ತು ಸ್ತನವನ್ನು ಕೂಡಲೇ ಶೋಧಿಸಬೇಕು. ಕಿರುಮಿದುಳಿನಲ್ಲಿ ಪುರ್ಕಿಂಜೆ ಕೋಶಗಳೆಂಬ ದೊಡ್ಡ ನರಕೋಶಗಳಿವೆ. ಜೆಕ್ ದೇಶದ ಪುರ್ಕಿಂಜೆ 1837ರಲ್ಲಿ ಅವುಗಳನ್ನು ವರ್ಣಿಸಿದ. ದಟ್ಟವಾಗಿ ಕವಲೊಡೆದ ಮರದಂತಿರುವ ಆ ಕೋಶಗಳೇ ನಡಿಗೆಯ, ಕೈಚಳಕದ ಲಯವನ್ನು ತಿದ್ದುವವು. ಯೋ ರೋಗಿಗಳಲ್ಲಿ ಅವು ಗುಂಪುಗುಂಪಾಗಿ ಸಾಯುತ್ತವೆ. ಸತ್ತ ಪುರ್ಕಿಂಜೆ ಕೋಶ ಮತ್ತೆ ಹುಟ್ಟುವುದಿಲ್ಲ.

ಇದೆಲ್ಲ ಒಂದೇ ದಿನ ತಿಳಿದದ್ದಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ನರವೈದ್ಯ ಡೆರೆಕ್ ಡೆನ್ನಿ ಬ್ರೌನ್ 1948ರಲ್ಲಿ ಇಬ್ಬರು ರೋಗಿಗಳ ವಿಷಯ ಬರೆದರು. ಇಬ್ಬರಿಗೂ ಕೈಕಾಲಿನ ಸ್ಪರ್ಶಜ್ಞಾನ ಹೋಗಿತ್ತು. ಸತ್ತ ಮೇಲೆ ನೋಡಿದರೆ ಬೆನ್ನುಹುರಿಯ ಪಕ್ಕದ ನರಗಂಟುಗಳು ಬರಿದಾಗಿದ್ದವು, ಶ್ವಾಸಕೋಶದಲ್ಲಿ ಕ್ಯಾನ್ಸರ್ ಇತ್ತು. ಗಡ್ಡೆ ಒಂದು ಕಡೆ, ಹಾನಿ ಇನ್ನೊಂದು ಕಡೆ. ಗಡ್ಡೆ ಏನಾದರೂ ವಿಷ ಸುರಿಸುತ್ತದೆಯೆ, ಅಥವಾ ಯಾವುದೋ ಪೋಷಕಾಂಶವನ್ನು ಕದಿಯುತ್ತದೆಯೆ ಎಂದು ಆ ಕಾಲದವರು ತರ್ಕಿಸಿದರು. 1965ರಲ್ಲಿ ಪಿ. ಸಿ. ವಿಲ್ಕಿನ್ಸನ್ ಮತ್ತು ಸಹೋದ್ಯೋಗಿ ಇಂಥ ರೋಗಿಗಳ ರಕ್ತದಲ್ಲಿ ಮಿದುಳಿಗೇ ಅಂಟುವ ಪ್ರತಿಕಾಯ ಇದೆಯೆಂದು ತೋರಿಸಿದರು. ಆಮೇಲೆ ಎರಡು ದಶಕ ಹೆಚ್ಚು ಸದ್ದಿಲ್ಲ. 1985ರಲ್ಲಿ ಪೋಸ್ನರ್ ಪ್ರಯೋಗಾಲಯದಲ್ಲಿ ಸ್ಪೇನಿನ ಫ್ರಾನ್ಸೆಸ್ಕ್ ಗ್ರಾಸ್ ಮೊದಲಾದವರು ಹು ಪ್ರತಿಕಾಯವನ್ನು ಬೆಳಕಿಗೆ ತಂದರು. ಅಲ್ಲಿಂದ ಮುಂದೆ ಪ್ರತಿಕಾಯಗಳ ಪಟ್ಟಿ ಬೆಳೆಯುತ್ತಲೇ ಇದೆ.

ಪರೀಕ್ಷೆಯ ವಿಧಾನ ಶಾಲೆಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಇಲಿಯ ಮಿದುಳನ್ನು ಈರುಳ್ಳಿಯ ಒಳಪೊರೆಗಿಂತ ತೆಳುವಾಗಿ ಕೊಯ್ದು ಗಾಜಿನ ಮೇಲಿಡುತ್ತಾರೆ. ಅದರ ಮೇಲೆ ರೋಗಿಯ ರಕ್ತದ ತಿಳಿಯನ್ನು ಹಾಕುತ್ತಾರೆ. ನರಕೋಶಕ್ಕೆ ಅಂಟುವ ಪ್ರತಿಕಾಯ ಇದ್ದರೆ ಅಂಟುತ್ತದೆ, ಇಲ್ಲದಿದ್ದರೆ ತೊಳೆದಾಗ ಹೋಗುತ್ತದೆ. ಅಂಟಿದ್ದು ಕಣ್ಣಿಗೆ ಕಾಣುವುದು ಹೇಗೆ? ಹೊಳೆಯುವ ಬಣ್ಣ ಹಚ್ಚಿದ ಎರಡನೆಯ ಪ್ರತಿಕಾಯವೊಂದನ್ನು ಸುರಿಯುತ್ತಾರೆ. ಅದು ಮೊದಲನೆಯದರ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲಲ್ಲಿ ಹಸಿರು ಚುಕ್ಕೆಗಳು ಬೆಳಗುತ್ತವೆ. ಹು ಇದ್ದರೆ ನರಕೋಶಗಳ ಕೋಶಕೇಂದ್ರ ಬೆಳಗುತ್ತದೆ. ಯೋ ಇದ್ದರೆ ಪುರ್ಕಿಂಜೆ ಕೋಶಗಳ ಒಡಲು. ನುರಿತ ಕಣ್ಣು ಹೊಳೆಯುವ ಚಿತ್ತಾರದಿಂದಲೇ ಹೆಸರು ಹೇಳುತ್ತದೆ.

ಇನ್ನು ಮುಖ್ಯವಾದ ಮಾತು. ಮೇಲೆ ಹೇಳಿದ ಹು, ಯೋ, ರಿ ಮೂರೂ ಕೋಶದ ಒಳಗಿನ ಪ್ರೋಟೀನಿಗೆ ಅಂಟುವವು. ಜೀವಂತ ಕೋಶದ ಒಳಗೆ ಪ್ರತಿಕಾಯ ಸುಲಭವಾಗಿ ನುಗ್ಗಲಾರದು. ಹಾಗಾದರೆ ನರಕೋಶವನ್ನು ಕೊಂದವರು ಯಾರು? ಟಿ ಕೋಶಗಳು. ಪ್ರತಿಕಾಯ ಇಲ್ಲಿ ಕೊಲೆಗಾರನಲ್ಲ, ಕೊಲೆ ನಡೆದ ಸ್ಥಳದಲ್ಲಿ ಬಿದ್ದ ಚಪ್ಪಲಿ. ಅದನ್ನು ನೋಡಿ ಕೊಲೆಗಾರ ಇಲ್ಲಿಗೆ ಬಂದಿದ್ದ, ಎಲ್ಲಿಂದ ಬಂದ ಎಂದು ಊಹಿಸಬಹುದು. ಚಪ್ಪಲಿಯನ್ನು ಎತ್ತಿ ಬಿಸಾಡಿದರೆ ಸತ್ತವರು ಏಳುವುದಿಲ್ಲ. ರಕ್ತದಿಂದ ಪ್ರತಿಕಾಯವನ್ನು ಎಷ್ಟು ಸೋಸಿ ತೆಗೆದರೂ ಈ ರೋಗಿಗಳಿಗೆ ಹೆಚ್ಚು ಗುಣ ಕಾಣದಿರುವುದು ಇದೇ ಕಾರಣಕ್ಕೆ. ಬೇಗ ಗಡ್ಡೆ ಹುಡುಕಿ ತೆಗೆದರೆ ಹಾನಿ ಅಲ್ಲಿಗೇ ನಿಲ್ಲಬಹುದು, ಅಷ್ಟೆ. ಮೂರನೆಯ ವಾರ ಕೋಲು ಹಿಡಿದು ನಡೆಯುತ್ತಿದ್ದವರು ಹಾಗೆಯೇ ಉಳಿಯುವುದಕ್ಕೂ, ಮೂರು ತಿಂಗಳಾಗಿ ಹಾಸಿಗೆ ಹಿಡಿದವರು ಹಾಗೆಯೇ ಉಳಿಯುವುದಕ್ಕೂ ಇರುವ ಅಂತರವನ್ನು ಮನೆಯವರೇ ಬಲ್ಲರು.

ಎರಡನೆಯ ಬಗೆಯ ಪ್ರತಿಕಾಯಗಳು ಕೋಶದ ಹೊರಮೈಗೆ ಅಂಟುವವು. ಇಲ್ಲಿ ಪ್ರತಿಕಾಯವೇ ಅಪರಾಧಿ. ಇದರ ಹಳೆಯ ಉದಾಹರಣೆ ಲ್ಯಾಂಬರ್ಟ್ ಮತ್ತು ಈಟನ್ 1950ರ ದಶಕದಲ್ಲಿ ವರ್ಣಿಸಿದ ಸ್ನಾಯುದೌರ್ಬಲ್ಯ. ತೊಡೆಯಲ್ಲಿ ಬಲವಿಲ್ಲ, ಕುಳಿತವರು ಏಳಲಾರರು, ಬಾಯಿ ಒಣಗುತ್ತದೆ. ಸೋಜಿಗವೆಂದರೆ ಮುಷ್ಟಿಯನ್ನು ಹತ್ತು ಹದಿನೈದು ಸೆಕೆಂಡು ಬಿಗಿಯಾಗಿ ಹಿಡಿದರೆ ಬಲ ತುಸು ಹೆಚ್ಚುತ್ತದೆ! ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಬಾಗಿಲುಗಳಿವೆ. ಕ್ಯಾಲ್ಸಿಯಂ ಹೋದರೆ ಮಾತ್ರ ಸ್ನಾಯುವಿಗೆ ಅಪ್ಪಣೆ ಕೊಡುವ ರಾಸಾಯನಿಕ ಹೊರಬರುತ್ತದೆ. ಪ್ರತಿಕಾಯ ಆ ಬಾಗಿಲುಗಳನ್ನು ಮುಚ್ಚಿಬಿಡುತ್ತದೆ. ಇಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಶ್ವಾಸಕೋಶದ ಸಣ್ಣಕೋಶದ ಕ್ಯಾನ್ಸರ್ ಇರುತ್ತದೆ, ಅವರಲ್ಲಿ ಹೆಚ್ಚಿನವರು ಬೀಡಿ ಸಿಗರೇಟು ಸೇದಿದವರು. ಬೀಡಿ ಸೇದುವ ಐವತ್ತರ ರೈತನೊಬ್ಬ ‘ತೊಡೆ ಸೋತಿದೆ, ಬಾಯಿ ಒಣಗುತ್ತೆ’ ಎಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿ ಕಳಿಸುವುದು ಸಾಲದು. ಎದೆಯ ಚಿತ್ರವೂ ಬೇಕು.

ಹೊರಮೈ ಪ್ರತಿಕಾಯಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಮಾತ್ರ ಎನ್‌ಎಂಡಿಎ ಗ್ರಾಹಕದ ಪ್ರತಿಕಾಯ. ನೆನಪು, ಕಲಿಕೆ, ನಡವಳಿಕೆಗಳಿಗೆ ಬೇಕಾದ ಗ್ರಾಹಕ ಅದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 2007ರಲ್ಲಿ 12 ಮಹಿಳೆಯರ ವಿವರ ಪ್ರಕಟಿಸಿದರು. ಎಲ್ಲರಿಗೂ ಬುದ್ಧಿ ಭ್ರಮಣೆಯಿಂದ ಆರಂಭ, ಆಮೇಲೆ ಫಿಟ್ಸ್, ಬಾಯಿ ಮುಖಗಳ ವಿಚಿತ್ರ ಚಲನೆ, ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು. 11 ಮಂದಿಗೆ ಅಂಡಾಶಯದಲ್ಲಿ ಟೆರಟೋಮಾ ಎಂಬ ಗಡ್ಡೆ, ಇನ್ನೊಬ್ಬರಿಗೆ ಎದೆಯ ನಡುಭಾಗದಲ್ಲಿ. ಟೆರಟೋಮಾ ಬಹಳ ವಿಲಕ್ಷಣ ವಸ್ತು. ಕೊಯ್ದರೆ ಒಳಗೆ ಕೂದಲು, ಹಲ್ಲು, ಚರ್ಮದ ಚೂರು ಸಿಗುವುದುಂಟು. ನರದ ಅಂಗಾಂಶವೂ ಇರುತ್ತದೆ. ಅಂಡಾಶಯದ ಟೆರಟೋಮಾಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ತೆಗೆದರೆ ಮುಗಿಯಿತು. ಆದರೆ ಹೊಟ್ಟೆಯೊಳಗಿನ ಆ ಚೂರು ‘ಮಿದುಳನ್ನು’ ನೋಡಿದ ಕಾವಲು ಪಡೆ ತಲೆಯೊಳಗಿನ ನಿಜವಾದ ಮಿದುಳಿನ ಮೇಲೂ ಪ್ರತಿಕಾಯ ಬಿಡುತ್ತದೆ. ಪ್ರತಿಕಾಯ ಅಂಟಿದ ಗ್ರಾಹಕಗಳನ್ನು ನರಕೋಶ ಒಳಗೆ ನುಂಗಿಕೊಳ್ಳುತ್ತದೆ. ಕೋಶ ಸಾಯುವುದಿಲ್ಲ. ಪ್ರತಿಕಾಯ ಇಳಿದರೆ ಗ್ರಾಹಕಗಳು ಮತ್ತೆ ಹೊರಮೈಗೆ ಬರುತ್ತವೆ.

ಇದರ ಅರ್ಥ ಏನೆಂಬುದನ್ನು 2013ರಲ್ಲಿ ಪ್ರಕಟವಾದ 577 ರೋಗಿಗಳ ಲೆಕ್ಕ ಹೇಳುತ್ತದೆ. ಅವರಲ್ಲಿ ನೂರಕ್ಕೆ 81 ಮಂದಿ ಸ್ತ್ರೀಯರು. ಗಡ್ಡೆ ಸಿಕ್ಕಿದ್ದು ನೂರಕ್ಕೆ 38 ಮಂದಿಯಲ್ಲಿ. ಎರಡು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 80 ಮಂದಿ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಗೆ ಮರಳಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಹೆಚ್ಚು ಗುಣ. ಗಡ್ಡೆ ಇಲ್ಲದೆಯೂ ಈ ರೋಗ ಬರುತ್ತದೆ ಎಂಬುದನ್ನೂ ಈ ಲೆಕ್ಕ ತೋರಿಸಿತು, ಮಕ್ಕಳಲ್ಲಂತೂ ಬಹುಪಾಲು ಹಾಗೆಯೇ.

ನ್ಯೂಯಾರ್ಕಿನ ಪತ್ರಕರ್ತೆ ಸುಸಾನಾ ಕ್ಯಾಹಲನ್ 2009ರಲ್ಲಿ ಈ ರೋಗಕ್ಕೆ ಸಿಕ್ಕಿ, ಗುಣವಾಗಿ, 2012ರಲ್ಲಿ ತನ್ನ ಕಥೆಯನ್ನೇ ಪುಸ್ತಕವಾಗಿ ಬರೆದಳು. ಆಕೆಗೆ ಮೊದಲು ಮನೋರೋಗ ಎಂದೇ ಬಗೆದಿದ್ದರು. ಸೊಹೇಲ್ ನಜ್ಜರ್ ಎಂಬ ವೈದ್ಯರು ಬಂದು ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಆಕೆ ಹನ್ನೆರಡೂ ಅಂಕೆಗಳನ್ನು ವೃತ್ತದ ಬಲಗಡೆಯೇ ತುರುಕಿದಳು. ಮಿದುಳಿನ ಒಂದು ಪಾರ್ಶ್ವ ಸೊರಗಿದೆ ಎಂದು ಅಷ್ಟರಲ್ಲೇ ತಿಳಿಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಒಂದು ಹಾಳೆ, ಒಂದು ಪೆನ್ನು! ಈ ರೋಗ ಮನುಷ್ಯನಿಗೆ ಮಾತ್ರ ಎಂದುಕೊಂಡಿದ್ದರು. ಬರ್ಲಿನ್ ಮೃಗಾಲಯದ ಹಿಮಕರಡಿ ನುಟ್ 2011ರ ಮಾರ್ಚಿಯಲ್ಲಿ ನೂರಾರು ಪ್ರೇಕ್ಷಕರ ಎದುರಿಗೇ ಫಿಟ್ಸ್ ಬಂದು ಕೊಳಕ್ಕೆ ಬಿದ್ದು ಸತ್ತಿತು. ತೆಗೆದಿಟ್ಟಿದ್ದ ದ್ರವವನ್ನು ಮತ್ತೆ ಪರೀಕ್ಷಿಸಿದಾಗ, 2015ರಲ್ಲಿ ಕಾರಣ ತಿಳಿಯಿತು. ಅದೇ ಎನ್‌ಎಂಡಿಎ ಪ್ರತಿಕಾಯ.

ದೇವನಹಳ್ಳಿಯ ಕಡೆಯ ಪಿಯುಸಿ ಓದುವ ಹುಡುಗಿಗೆ ಹೀಗಾದರೆ ಏನಾಗಬಹುದು? ಹತ್ತು ದಿನದ ಹಿಂದೆ ಸರಿಯಾಗಿದ್ದವಳು ನಿದ್ದೆ ಬಿಟ್ಟು ಗೋಡೆಯೊಡನೆ ಮಾತಾಡುತ್ತಾಳೆ, ನಗುತ್ತಾಳೆ, ಅಮ್ಮನನ್ನೇ ಹೊಡೆಯಲು ಹೋಗುತ್ತಾಳೆ, ಆಮೇಲೆ ಮಾತೇ ನಿಲ್ಲುತ್ತದೆ. ಪರೀಕ್ಷೆಯ ಭಯ ಎನ್ನುತ್ತಾರೆ, ಪ್ರೇಮ ಪ್ರಕರಣ ಎನ್ನುತ್ತಾರೆ, ಮೈಮೇಲೆ ಬಂದಿದೆ ಎನ್ನುತ್ತಾರೆ. ಬೇವಿನ ಸೊಪ್ಪಿನ ಏಟು ಬಿದ್ದರೂ ಬಿತ್ತು. ಇಲ್ಲಿ ಬರಿ ಮಾಟಗಾರರನ್ನು ದೂರಿ ಪ್ರಯೋಜನವಿಲ್ಲ. ಓದಿದ ವೈದ್ಯರೂ ಮನೋರೋಗದ ಗುಳಿಗೆ ಕೊಟ್ಟು ತಿಂಗಳು ಕಳೆದ ಪ್ರಸಂಗಗಳು ಪ್ರಪಂಚದ ಎಲ್ಲ ಕಡೆ ವರದಿಯಾಗಿವೆ. ಹಿಂದೆಂದೂ ಮನೋರೋಗ ಇಲ್ಲದ ಎಳೆಯರಲ್ಲಿ ದಿನಗಳೊಳಗೆ ಇಂಥ ಬದಲಾವಣೆಯಾಗಿ, ಜೊತೆಗೆ ಫಿಟ್ಸ್, ಬಾಯಿ ಚಪ್ಪರಿಸುವುದು, ಜ್ವರ, ಮಾತು ನಿಲ್ಲುವುದು ಇವುಗಳಲ್ಲಿ ಯಾವುದಾದರೂ ಸೇರಿತೆಂದರೆ ನರತಜ್ಞರೇ ನೋಡಬೇಕು.

ಈ ವಿಷಯದಲ್ಲಿ ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳು ಅದೃಷ್ಟ ಮಾಡಿವೆ. 1974ರಲ್ಲಿ, ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋವೈದ್ಯರೂ ನರವೈದ್ಯರೂ ಒಂದೇ ಆವರಣದಲ್ಲಿರುವುದು ಎಲ್ಲ ಊರಿನ ಭಾಗ್ಯವಲ್ಲ. ಎನ್‌ಎಂಡಿಎ ರೋಗದಲ್ಲಿ ಎರಡೂ ಕಡೆಯವರು ಬೇಕು. ಮಕ್ಕಳಲ್ಲಿ ಈ ರೋಗದ ಲಕ್ಷಣ, ಚಿಕಿತ್ಸೆಗಳ ಬಗ್ಗೆ ಅಲ್ಲಿನ ವೈದ್ಯರು 2016ರಲ್ಲಿ, ಅದರ ಮಾನಸಿಕ ಲಕ್ಷಣಗಳ ಬಗ್ಗೆ 2017ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದ್ದಾರೆ. ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಮಿದುಳು ಬ್ಯಾಂಕು 1995ರಿಂದ ಅಲ್ಲಿದೆ. ಇನ್ನೂ ಒಂದು ಸಂಗತಿ: 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಿಮ್ಹಾನ್ಸ್‌ನ ಮಗ್ಗುಲಲ್ಲೇ ಇದೆ. ಎದೆ ರೋಗಗಳ ರಾಜೀವ್ ಗಾಂಧಿ ಸಂಸ್ಥೆಯೂ ಆಸುಪಾಸಿನಲ್ಲಿದೆ. ನರದ ಲಕ್ಷಣ ಒಂದು ಆಸ್ಪತ್ರೆಯದು, ಗಡ್ಡೆ ಪಕ್ಕದ ಆಸ್ಪತ್ರೆಯದು. ರೋಗವೇ ಎರಡರ ಗಡಿಯಲ್ಲಿ ನಿಂತಿರುವಾಗ ರೋಗಿಯ ಕಡತ ಆ ಗೋಡೆಯನ್ನು ಬೇಗ ದಾಟಬೇಕಾದ್ದು ನ್ಯಾಯ.

ತಾಪತ್ರಯ ಇರುವುದು ಅದಕ್ಕೂ ಮೊದಲು. ನೆಲಮಂಗಲದಿಂದಲೋ ಹೊಸಕೋಟೆಯಿಂದಲೋ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಹೊರರೋಗಿ ವಿಭಾಗದ ಸಾಲು, ಜೊತೆಗೆ ಬಂದವರ ಒಂದು ದಿನದ ಕೂಲಿ. ಇಷ್ಟನ್ನು ಮಾಡುವ ಮುಂಚೆ ಊರಿನಲ್ಲೇ ಒಂದೆರಡು ತಿಂಗಳು ಕಳೆದಿರುತ್ತದೆ. ಗಾಳಿ, ಗ್ರಹ, ಟಾನಿಕ್ಕು, ಬೆನ್ನಿನ ಪಟ್ಟಿ. ಹು ಮತ್ತು ಯೋ ರೋಗಿಗೆ ಉಳಿಸಿಕೊಳ್ಳಬಹುದಾದ ಕೋಶಗಳು ಇರುವುದೇ ಆ ಒಂದೆರಡು ತಿಂಗಳಲ್ಲಿ.

ಎಷ್ಟು ಜನಕ್ಕೆ ಬರುತ್ತದೆ? ಇಟಲಿಯ ಈಶಾನ್ಯ ಭಾಗದಲ್ಲಿ ಮಾಡಿ 2020ರಲ್ಲಿ ಪ್ರಕಟಿಸಿದ ಎಣಿಕೆಯಂತೆ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 0.9 ಮಂದಿಗೆ, ಕ್ಯಾನ್ಸರ್ ರೋಗಿಗಳಲ್ಲಿ ಮುನ್ನೂರಕ್ಕೆ ಒಬ್ಬರಿಗೆ. 2011ರ ಜನಗಣತಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ಅದೇ ಪ್ರಮಾಣವನ್ನು ಇಲ್ಲಿಗೂ ಹಚ್ಚಿದರೆ ನಾಲ್ಕು ತಾಲ್ಲೂಕಿಗೆ ವರ್ಷಕ್ಕೆ ಎಂಟೊಂಬತ್ತು ಮಂದಿ. ಇಟಲಿಯಲ್ಲಿ ಮುದುಕರು ಹೆಚ್ಚು, ಹಾಗಾಗಿ ಇಲ್ಲಿ ಇನ್ನೂ ಕಡಿಮೆ ಎಂದೇ ಇಟ್ಟುಕೊಳ್ಳೋಣ. ಇದು ಭಯ ಹುಟ್ಟಿಸುವ ಸಂಖ್ಯೆಯಲ್ಲ. ಕೈ ಜೋಮು ಹಿಡಿದವರೆಲ್ಲ ಪ್ರತಿಕಾಯ ಪರೀಕ್ಷೆಗೆ ಓಡಬೇಕಾಗಿಲ್ಲ. ಜೋಮಿಗೆ ಸಕ್ಕರೆ ಕಾಯಿಲೆ, ವಿಟಮಿನ್ ಬಿ12 ಕೊರತೆ, ಹೆಂಡ ಇವೇ ಬಹುಪಾಲು ಕಾರಣ.

ಹಾಗೆ ಸುಮ್ಮಸುಮ್ಮನೆ ಪರೀಕ್ಷಿಸುವುದರಿಂದ ಕೆಡುಕೂ ಉಂಟು. ಒಂದು ಪಟ್ಟಿಯ ಮೇಲೆ ಹತ್ತಾರು ಪ್ರೋಟೀನುಗಳ ಗೆರೆ ಎಳೆದು, ಒಂದೇ ಸಲಕ್ಕೆ ಎಲ್ಲ ಪ್ರತಿಕಾಯಗಳನ್ನೂ ನೋಡುವ ಸಿದ್ಧ ಕಿಟ್ಟುಗಳು ಖಾಸಗಿ ಪ್ರಯೋಗಾಲಯಗಳಲ್ಲಿ ಬಂದಿವೆ. ಗೆರೆ ಮಸುಕಾಗಿ ಮೂಡಿದರೂ ವರದಿಯಲ್ಲಿ ‘ಪಾಸಿಟಿವ್’ ಎಂದು ಬರುತ್ತದೆ. ಇಲಿಯ ಮಿದುಳಿನ ಚೂರಿನ ಮೇಲೆ ಅದೇ ರಕ್ತವನ್ನು ಹಾಕಿದರೆ ಎಷ್ಟೋ ಸಲ ಏನೂ ಬೆಳಗುವುದಿಲ್ಲ. ಆದರೆ ಅಷ್ಟರಲ್ಲಿ ಮನೆಯವರಿಗೆ ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದಿರುತ್ತದೆ. ಸ್ಕ್ಯಾನುಗಳಿಗೆ ಒಡವೆ ಅಡವಿಟ್ಟಿರುತ್ತಾರೆ. ಲಕ್ಷಣ, ಪ್ರತಿಕಾಯ, ಗಡ್ಡೆ ಮೂರನ್ನೂ ತೂಗಿ ಅಂಕ ಹಾಕಿ ನಿರ್ಧರಿಸಬೇಕೆಂದು ತಜ್ಞರ ಅಂತರರಾಷ್ಟ್ರೀಯ ತಂಡ 2021ರಲ್ಲಿ ನಿಯಮ ಮಾಡಿರುವುದು ಇದಕ್ಕಾಗಿಯೇ. ಎನ್‌ಎಂಡಿಎ ವಿಷಯದಲ್ಲಂತೂ ರಕ್ತಕ್ಕಿಂತ ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು.

ಚಿಕಿತ್ಸೆಯ ಕ್ರಮ ಇಷ್ಟು: ಗಡ್ಡೆ ಇದ್ದರೆ ತೆಗೆಯುವುದು ಅಥವಾ ಔಷಧ, ವಿಕಿರಣದಿಂದ ಕುಗ್ಗಿಸುವುದು; ಕಾವಲು ಪಡೆಯನ್ನು ಸ್ಟಿರಾಯ್ಡಿನಿಂದ ತಣಿಸುವುದು; ರಕ್ತದ ಪ್ಲಾಸ್ಮಾವನ್ನು ಬದಲಿಸಿ ಪ್ರತಿಕಾಯಗಳನ್ನು ಹೊರಹಾಕುವುದು; ಇಲ್ಲವೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತಯಾರಿಸಿದ ಇಮ್ಯುನೋಗ್ಲಾಬ್ಯುಲಿನ್ ಕೊಡುವುದು. ಈ ಕೊನೆಯದು ಬಹಳ ದುಬಾರಿ. ಬಗ್ಗದಿದ್ದರೆ ಬಿ ಕೋಶಗಳನ್ನೇ ಕಳೆಯುವ ರಿಟುಕ್ಸಿಮಾಬ್. ಎನ್‌ಎಂಡಿಎ ರೋಗಿ ತಿಂಗಳುಗಟ್ಟಲೆ ತೀವ್ರ ನಿಗಾ ಘಟಕದಲ್ಲಿದ್ದು ಎದ್ದು ನಡೆದ ಉದಾಹರಣೆಗಳಿರುವುದರಿಂದ, ನಾಲ್ಕು ವಾರದಲ್ಲಿ ಗುಣವಿಲ್ಲವೆಂದು ಮನೆಗೆ ಕರೆದೊಯ್ಯುವುದು ಸರಿಯಲ್ಲ. ಮೇಲೆ ಹೇಳಿದ 577 ಮಂದಿಯಲ್ಲೂ ಚಿಕಿತ್ಸೆ ಆರಂಭಿಸಿದ ಮೊದಲ ನಾಲ್ಕು ವಾರದಲ್ಲಿ ಚೇತರಿಕೆ ಕಂಡವರು ಅರ್ಧದಷ್ಟು ಮಾತ್ರ.

ಕಾವಲು ಪಡೆಯ ಈ ಎಡವಟ್ಟಿಗೆ ಇನ್ನೊಂದು ಮುಖವೂ ಇದೆ. ಅದು ಗಡ್ಡೆಯನ್ನೂ ಹೊಡೆಯುತ್ತಿದೆ ಎಂಬುದನ್ನು ಮರೆಯಬಾರದು. ನರದ ತೊಂದರೆ ಏನೂ ಇಲ್ಲದ ಸಣ್ಣಕೋಶದ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿ 1997ರಲ್ಲಿ ಗ್ರಾಸ್ ತಂಡ ಪ್ರಕಟಿಸಿದ ಲೆಕ್ಕದಲ್ಲಿ, ನೂರಕ್ಕೆ 16 ಮಂದಿಯ ರಕ್ತದಲ್ಲಿ ಕಡಿಮೆ ಪ್ರಮಾಣದ ಹು ಪ್ರತಿಕಾಯ ಇತ್ತು. ಅವರ ಕ್ಯಾನ್ಸರ್ ಇತರರಿಗಿಂತ ಹೆಚ್ಚಾಗಿ ಎದೆಯಲ್ಲೇ ಉಳಿದಿತ್ತು, ಚಿಕಿತ್ಸೆಗೂ ಚೆನ್ನಾಗಿ ಬಗ್ಗಿತು. ಪುಟ್ಟ ಮಕ್ಕಳಲ್ಲಿ ಕಣ್ಣುಗುಡ್ಡೆ ಕುಣಿಯುವ, ಕೈಕಾಲು ಅದುರುವ ಒಂದು ಕಾಯಿಲೆಯಿದೆ. ಅಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೊಟ್ಟೆಯಲ್ಲೋ ಎದೆಯಲ್ಲೋ ನ್ಯೂರೋಬ್ಲಾಸ್ಟೋಮಾ ಗಡ್ಡೆ ಇರುತ್ತದೆ. ಕಣ್ಣು ಕುಣಿಯುವ ಮಕ್ಕಳ ಗಡ್ಡೆ, ಕಣ್ಣು ಕುಣಿಯದ ಮಕ್ಕಳ ಗಡ್ಡೆಗಿಂತ ಸಾಮಾನ್ಯವಾಗಿ ಸೌಮ್ಯ.

ಅದೇ ಶಕ್ತಿಯನ್ನು ಬೇಕೆಂದೇ ಬಿಡುಗಡೆ ಮಾಡುವ ಔಷಧಗಳು ಈಗ ಇವೆ. ಟಿ ಕೋಶಗಳ ಕಡಿವಾಣ ಬಿಚ್ಚಿ ಕ್ಯಾನ್ಸರಿನ ಮೇಲೆ ಬಿಡುವ ಈ ಮಾರ್ಗಕ್ಕಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೋ 2018ರ ನೊಬೆಲ್ ಪಡೆದರು. ಕಡಿವಾಣ ಬಿಚ್ಚಿದ ಮೇಲೆ ಕುದುರೆ ಬೇರೆಯವರ ಹೊಲಕ್ಕೂ ನುಗ್ಗುವುದುಂಟು. ಈ ಔಷಧ ಪಡೆದ ಕೆಲವರಲ್ಲಿ ಹು, ಮಾ2 ಮೊದಲಾದ ಪ್ರತಿಕಾಯಗಳೊಡನೆ ನರರೋಗ ಕಾಣಿಸಿಕೊಂಡಿದೆ. ಹೀಗಾಗಿ ಅರ್ಧ ಶತಮಾನದ ಹಿಂದೆ ಅಪರೂಪದ ಕುತೂಹಲವೆನಿಸಿದ್ದ ವಿಷಯವನ್ನು ಇಂದು ಕ್ಯಾನ್ಸರ್ ವೈದ್ಯರೂ ಓದಬೇಕಾಗಿ ಬಂದಿದೆ.

ಗಡ್ಡೆ ಹುಡುಕುವ ಕೆಲಸಕ್ಕೆ ಪ್ರತಿಕಾಯವೇ ದಾರಿ ತೋರಿಸುತ್ತದೆ. ಹು ಎಂದರೆ ಎದೆಯ ಸಿಟಿ ಸ್ಕ್ಯಾನ್. ಯೋ ಎಂದರೆ ಸ್ತನ ಮತ್ತು ಅಂಡಾಶಯ. ಎನ್‌ಎಂಡಿಎ ಎಂದರೆ ಅಂಡಾಶಯದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಎಳೆಯ ಗಂಡಸರಲ್ಲಿ ಮಾ2 ಸಿಕ್ಕರೆ ವೃಷಣದ ಅಲ್ಟ್ರಾಸೌಂಡ್. ನಾಚಿಕೆಯಿಂದ ಇದನ್ನು ಬಿಟ್ಟವರಿದ್ದಾರೆ. ಅಲ್ಲೆಲ್ಲೂ ಇಲ್ಲವೆಂದರೆ ಇಡೀ ದೇಹದ ಪೆಟ್ ಸ್ಕ್ಯಾನ್. ಅದರಲ್ಲೂ ಏನೂ ಸಿಗದಿದ್ದರೆ ‘ಸದ್ಯ, ಬದುಕಿದೆವು’ ಎಂದು ಕಡತ ಕಟ್ಟಿಡುವಂತಿಲ್ಲ. ಕ್ಯಾನ್ಸರಿನೊಂದಿಗೆ ನಂಟು ಬಲವಾಗಿರುವ ಪ್ರತಿಕಾಯ ಇದ್ದವರು ನಾಲ್ಕರಿಂದ ಆರು ತಿಂಗಳಿಗೊಮ್ಮೆ, ಎರಡು ವರ್ಷದವರೆಗೆ ಮತ್ತೆ ಮತ್ತೆ ಬಂದು ಪರೀಕ್ಷಿಸಿಕೊಳ್ಳಬೇಕು. ಮೊದಲ ಸಲ ಸ್ಕ್ಯಾನಿನಲ್ಲಿ ಕಾಣದಷ್ಟು ಚಿಕ್ಕದಾಗಿದ್ದ ಗಡ್ಡೆ ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಕಂಡದ್ದುಂಟು.